ಮಾವನವರ ಜೀಪು ತಡವಾಗುವ ಬಗ್ಗೆ

ಪೂಜ್ಯ ಮಾವನವರಿಗೆ,

ನಿಮ್ಮ ಜೀಪು ಕ್ಷೇಮ. ಅದರೊಳಗಿರುವ ಮಗಳು, ಅಳಿಯ ಕೂಡ ಸುಮಾರಾಗಿ ಕ್ಷೇಮ. ಸಂಜೆಯೊಳಗೆ ಜೀಪು ಮನೆ ಸೇರದಿದ್ದರೆ ಇನ್ನೆಂದೂ ಕೀಲಿಕೈ ಕೊಡುವುದಿಲ್ಲವೆಂದು ನೀವು ಹೇಳಿದ್ದು ನೆನಪಿದೆ.

ಮರ ಸಾಗಿಸುವ ಈ ಕಾಡುದಾರಿ ಎಲ್ಲಿ ಮುಗಿಯುತ್ತದೆಂದು ನೋಡಲು ಹೊರಟೆವಷ್ಟೆ. ಇಲ್ಲೊಂದು ಕಟ್ಟಳೆಯಿದೆ: ದಿಮ್ಮಿ ಹೇರಿದ ಲಾರಿ ಎದುರಾದರೆ ಖಾಲಿ ಗಾಡಿ ಹಿಂದೆ ಸರಿಯಬೇಕು. ನಾವು ದೊಡ್ಡ ತಿರುವು ಮುಟ್ಟಿದಾಗಲೆಲ್ಲ ಲಾರಿಯೊಂದು ಇಳಿದು ಬರುತ್ತದೆ. ನಾಲ್ಕೂ ಚಕ್ರ ಎಳೆಯುವ ನಿಮ್ಮ ಜೀಪನ್ನು ಬೆಳಗಿನಿಂದ ಬಹುಪಾಲು ಹಿಮ್ಮುಖವಾಗಿಯೇ ಓಡಿಸಿದ್ದೇನೆ.

“ತಿರುವಿನಾಚೆ ಏನಿದೆಯಣ್ಣ?” ಎಂದು ಈಗ ಎದುರಾದ ಲಾರಿಯ ಡ್ರೈವರನ್ನು ಕೇಳಿದೆ.

“ಇನ್ನೊಂದು ತಿರುವು, ಸಾರ್.”

“ಕಣ್ಣಾರೆ ನೋಡ್ದೆ ನಾನು ನಂಬಲ್ಲ. ಸರೀರಿ ಆ ಕಡೆ,” ಎಂದು ನಿಮ್ಮ ಮಗಳು ಸ್ಟಿಯರಿಂಗ್ ಹಿಡಿದಳು.

ಕೀಲಿಕೈ ಈಗ ನನ್ನ ವಶದಲ್ಲಿಲ್ಲ. ಆದ್ದರಿಂದ ಅದೇ ಡ್ರೈವರ್ ಕೈಯಲ್ಲಿ ಕಳಿಸುತ್ತಿರುವ ಈ ಪತ್ರ ನಿಮ್ಮ ಅನುಮತಿಗಾಗಿ ಅಲ್ಲ, ಮಾಹಿತಿಗಾಗಿ.

ಪಕ್ಕದ ಸೀಟಿನಿಂದ,
ನಿಮ್ಮ ಅಳಿಯ