ಕಿಟಕಿ ಪಕ್ಕದ ಚಾಪೆ

ಮಾರ್ಚ್ ಎಂಟು, ಭಾನುವಾರ ಮಧ್ಯಾಹ್ನ. ಅಮ್ಮ ನೀರಿನ ಸಾಲಿನಲ್ಲಿದ್ದಾಳೆ.

ಅಣ್ಣ,

ಬೆಳಿಗ್ಗೆ ಜನಗಣತಿಯವಳು ಬಂದಿದ್ದಳು. ಒಳಗೆ ಕಾಲಿಡಲು ಜಾಗವಿಲ್ಲದೆ ಹೊಸ್ತಿಲಲ್ಲೇ ನಿಂತು, ಎಷ್ಟು ಜನ ಎಂದು ಕೇಳಿದಳು. ಅಮ್ಮ ಹನ್ನೊಂದು ಎಂದಳು. ಮೊನ್ನೆ ಊರು ಬಿಟ್ಟು ಬಂದ ಚಿಕ್ಕಮ್ಮನ ಮಗಳನ್ನೂ ಅವಳ ಕೂಸನ್ನೂ ಸೇರಿಸಿದರೂ ಹತ್ತೇ ಆಯಿತು.

"ಇನ್ನೊಬ್ಬ ನನ್ನ ಮಗ. ಕೆಲಸಕ್ಕೆ ಗಡಿ ದಾಟಿ ಹೋಗಿದಾನೆ, ನಾಲ್ಕು ವರ್ಷ ಆಯ್ತು."

"ಆರು ತಿಂಗಳು ಮೀರಿದ್ರೆ ಬರೆಯೋ ಹಾಗಿಲ್ಲಮ್ಮ."

"ಅವನ ಚಾಪೆ ಇಲ್ಲೇ ಇದೆಯಲ್ಲ ತಾಯಿ, ಅದನ್ನೇ ಎಣಿಸ್ಕೋ."

ಗಣತಿಯವಳಿಗೂ ನಗು ಬಂತು. ಅಮ್ಮ ನಗಲಿಲ್ಲ. ಹತ್ತು ಎಂದು ಬರೆದ ಹಾಳೆಗೆ ನಾನೇ ರುಜು ಹಾಕಿದೆ.

ಇರುವುದು ಒಂದೇ ಕೋಣೆ, ಹಾಗಾಗಿ ನಾವು ಈಗಲೂ ಪಾಳಿಯಲ್ಲೇ ಮಲಗುತ್ತೇವೆ. ನಿನ್ನ ಪಾಳಿ ಬಂದಾಗ ಅಮ್ಮ ಕಿಟಕಿ ಪಕ್ಕದ ಚಾಪೆ ಬಿಡಿಸಿ ಖಾಲಿ ಇಡುತ್ತಾಳೆ. ಚಿಕ್ಕಮ್ಮನ ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.

ನೀನು ಹೊರಟ ದಿನ ನಾನು, "ಸದ್ಯ, ಇನ್ಮೇಲೆ ಕಾಲು ಚಾಚಿ ಮಲಗಬಹುದು" ಎಂದಿದ್ದೆ. ನಿನ್ನ ಕೊನೆಯ ಫೋನು ಬಂದು ಮೂರು ವರ್ಷವಾಯಿತು.

ಇವತ್ತಿನಿಂದ ಆ ಚಾಪೆ ಬಾಣಂತಿಗೆ ಎಂದು ತೀರ್ಮಾನಿಸಿದ್ದೇನೆ. ಅಮ್ಮ ಕೊಡ ಇಳಿಸಿದ ಮೇಲೆ ಹೇಳಬೇಕು.