ಒಳಗೆ ಬಿಟ್ಟ ನಾಲ್ಕು ಬೆರಳು ಬಟ್ಟೆ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಬೆಳಿಗ್ಗೆ

ನನ್ನ ಪ್ರೀತಿಯ ಕೋಪಿಷ್ಠರಿಗೆ,

ಮಂಡಿನೋವು ಹೇಗಿದೆ? ನಿಮ್ಮ ತಂಗಿಯ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡಿ. ಹಟ ನಿಮ್ಮದಾದರೂ ಮಂಡಿ ನಮ್ಮಿಬ್ಬರದು. ಎಣ್ಣೆ ತಿಕ್ಕುವವಳು ನಾನೇ ತಾನೆ? ಇಲ್ಲಿ ನಾನು ಚೆನ್ನಾಗಿದ್ದೇನೆ. ಮಗಳು, ಅಳಿಯ ಚೆನ್ನಾಗಿದ್ದಾರೆ. ನೀವು ಮುನಿಸಿಕೊಂಡು ಹೋಗಲು ಕಾರಣವಾದ ಜಾಣಪ್ಪನೂ ಕ್ಷೇಮ. ಹೆಸರು ಕಂಡೊಡನೆ ಕಾಗದ ಮಡಿಸಿಡಬೇಡಿ, ಪೂರ್ತಿ ಓದಿ.

ನಿಮ್ಮ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಆಸ್ಪತ್ರೆ, ರೈಲುಗಳನ್ನೆಲ್ಲ ನೋಡಿಕೊಳ್ಳುವಷ್ಟು ಬುದ್ಧಿಯಿರುವ ಈ ಜಾಣಪ್ಪನೆಂಬ ಯಂತ್ರವನ್ನು ಮಗಳು ತಂದು ನಮ್ಮ ಬಟ್ಟೆ ಕತ್ತರಿಸುವ ಮೇಜಿಗೆ ಕೂರಿಸಿದಳು. ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಅದು ಟೇಪು ಹಿಡಿಯದೆ ಅಳತೆ ಹೇಳಿತು. ಮೂವತ್ತು ವರ್ಷ ಟೇಪನ್ನು ಕೊರಳಿಗೆ ಹಾಕಿಕೊಂಡು ಓಡಾಡಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸಾಲದ್ದಕ್ಕೆ, ನೀವು ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡುವುದನ್ನು ಕಂಡು "ಇದು ದಂಡ ಅಲ್ವಾ?" ಎಂದು ಕೇಳಿಬಿಟ್ಟಿತು. "ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರಲ್ಲ ಕಣೋ, ಅದಕ್ಕೇ ಬಿಡೋದು!" ಎಂದು ಗದರಿಸಿ, ಅದೇ ಸಂಜೆ ಚೀಲ ಹಿಡಿದು ಹೊರಟಿರಿ.

ಆಮೇಲೆ ಅದು ನಿಮ್ಮ ಮಾತನ್ನೇ ಹಿಡಿದುಕೊಂಡು ಕೂತಿತು. ರಿಪೇರಿಗೆ ಬಂದ ನಿಮ್ಮ ಕೈಯ ಹಳೆಯ ಬಟ್ಟೆಗಳನ್ನೆಲ್ಲ ನನ್ನಿಂದ ಬಿಚ್ಚಿಸಿ ನೋಡಿತು. ಮೇಷ್ಟ್ರ ಕೋಟನ್ನು ನೀವು ಮೂರು ಸಲ ಸಡಿಲಿಸಿ, ಅವರು ಕಾಯಿಲೆ ಬಿದ್ದಾಗ ಎರಡು ಸಲ ಬಿಗಿ ಮಾಡಿದ್ದಿರಲ್ಲ, ಆ ಹೊಲಿಗೆಯ ಗುರುತುಗಳನ್ನು ಒಂದೊಂದಾಗಿ ಎಣಿಸಿತು. ಕೊನೆಗೆ "ಯಜಮಾನ್ರು ಬಂದ್ರೆ ಕೇಳಿ ಕಲೀಬೇಕಾದ್ದು ಬಹಳ ಇದೆ" ಎಂದಿತು. ಪಾಪ ಅನ್ನಿಸಿ ಇನ್ನೊಂದು ಹಳೆಯ ಕೋಟನ್ನೂ ಬಿಚ್ಚಿ ತೋರಿಸಿದೆ.

ಹಾಗಂತ ನಾನು ನಿಮ್ಮ ಪಕ್ಷ ಬಿಟ್ಟವಳಲ್ಲ. ಹೋದ ವಾರ ಅದು ಸಿಕ್ಕಿಬಿತ್ತು! ಮಗಳ ಹೊಸ ಅಂಗಿಗೆ ಸೊಂಟದ ಬಳಿ ಎರಡಲ್ಲ, ನಾಲ್ಕು ಬೆರಳು ಬಟ್ಟೆ ಬಿಟ್ಟಿತ್ತು. ನಾನು ಕುಣಿಯಲಿಲ್ಲ, ಅಷ್ಟೆ. "ಏನೋ ಜಾಣಪ್ಪಾ, ಕೈ ತಪ್ಪಿತಾ?" ಎಂದು ಪಕ್ಕದ ಚಪ್ಪಲಿ ಅಂಗಡಿಗೂ ಕೇಳುವಂತೆ ಕೂಗಿದೆ. ಅದು ಮೆಲ್ಲಗೆ "ಇರ್ಲಿ ಬಿಡೀಮ್ಮ, ಬೇಕಾಗ್ಬಹುದು" ಎಂದಿತು. ಗೆದ್ದ ಸಂಭ್ರಮವನ್ನು ನಿಮಗೆ ತಿಳಿಸೋಣವೆಂದು ಆವತ್ತೇ ಈ ಕಾಗದ ತೆಗೆದಿಟ್ಟಿದ್ದೆ.

ತಂಗಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳಿ. ಕನ್ನಡಕ ಅಲ್ಲೇ ಮರೆತು ಬರಬೇಡಿ.

ಬಾಗಿಲ ಕಡೆಗೇ ಕಣ್ಣಿಟ್ಟಿರುವ,
ನಿಮ್ಮವಳು

ಮುಖ್ಯವಾದದ್ದೇ ಬಿಟ್ಟುಹೋಯಿತು: ನಿನ್ನೆ ಮಗಳು ನನ್ನನ್ನು ತಬ್ಬಿಕೊಂಡು ಹೇಳಿದಳು, ಅವಳಿಗೀಗ ಮೂರು ತಿಂಗಳು. ನೀವು ಅಜ್ಜ ಆಗುತ್ತಿದ್ದೀರಿ! ಜಾಣಪ್ಪನಿಗೆ ಅಂಗಿಯ ಅಳತೆ ನೋಡಿದಾಗಲೇ ಗೊತ್ತಾಗಿತ್ತು, ಬಾಯಿ ಬಿಟ್ಟಿರಲಿಲ್ಲ. ಯಾಕೋ ಎಂದರೆ "ಅದು ಅವ್ರು ಹೇಳ್ಬೇಕಾದ ಸುದ್ದಿ ಅಲ್ವಾಮ್ಮ" ಎಂದ. ಮಗುವಿನ ಮೊದಲ ಅಂಗಿ ಕತ್ತರಿಸೋ ಎಂದರೆ ಒಪ್ಪುತ್ತಿಲ್ಲ. "ಯಜಮಾನ್ರೇ ಕತ್ತರಿಸ್ಲಿ, ಎಷ್ಟು ಬಟ್ಟೆ ಬಿಡ್ತಾರೆ ಅಂತ ನಾನು ನೋಡ್ಬೇಕು" ಎನ್ನುತ್ತಾನೆ. ಬಿಳಿ ಬಟ್ಟೆ ಮೇಜಿನ ಮೇಲೆ ಹಾಸಿದ್ದೇನೆ. ನಿಮ್ಮ ಕತ್ತರಿಗೆ ಸಾಣೆ ಹಿಡಿಸಿದ್ದೇನೆ. ಬನ್ನಿ.