ಕೋಳಿಯ ರೆಕ್ಕೆಯಡಿಯ ಬಾತುಮರಿ

ಹದಿನಾಲ್ಕನೆಯ ತಾರೀಖು, ಭಾನುವಾರ

ಪ್ರೀತಿಯ ಚಿನಕುರುಳಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ. ನಾವು ಕ್ಷೇಮ. ನಿನ್ನ ಅಮ್ಮನ ಮಂಡಿನೋವು ಇಳಿದಿದೆ, ಬಾಯಿ ಮೊದಲಿನ ಹಾಗೇ ಇದೆ. ಆಸ್ಪತ್ರೆಯ ರಾತ್ರಿಪಾಳಿ ಮುಗಿಯಿತೆಂದು ಬರೆದಿದ್ದೀಯ. ಇನ್ನಾದರೂ ಹೊತ್ತಿಗೆ ಸರಿಯಾಗಿ ಉಣ್ಣು.

ತಡವಾದದ್ದು ನಿನ್ನ ತಾತನ ಕೆಲಸದಿಂದ. ಊರಿನ ವಸ್ತುಸಂಗ್ರಹಾಲಯದವರು ಬಿರುದು ಪಡೆದ ಹಳೆಯ ಮನೆತನಗಳ ಪ್ರದರ್ಶನ ಇಡುತ್ತಿದ್ದಾರೆ. ನಮ್ಮ ‘ಕೋಟೆರಕ್ಷಕ’ ಬಿರುದಿನ, ಲಾಂಛನದ ಮೂಲ ಹುಡುಕಿ ವಂಶವೃಕ್ಷ ಬರೆದುಕೊಡು ಎಂದು ತಾತ ನನಗೆ ಹೇಳಿದರು. ಪತ್ರಿಕೆಯಲ್ಲಿದ್ದಷ್ಟು ಕಾಲ ಊರವರ ಸುದ್ದಿ ತಿದ್ದಿದ್ದಾಯಿತು, ಈಗ ಮನೆಯದನ್ನು ಬರಿ ಎಂದರು. ಜೊತೆಗೊಂದು ಷರತ್ತು: ಬಿರುದು ರಕ್ತದಿಂದ ಬರುವಂಥದ್ದು, ಹಾಗಾಗಿ ಈ ನಿನ್ನಪ್ಪನ ಹೆಸರಿನ ಕೆಳಗೆ ಯಾರ ಹೆಸರೂ ಬೇಡ. ಕೈಗೂಸಾಗಿದ್ದ ನಿನ್ನನ್ನು ನಾವು ದತ್ತು ತಂದದ್ದು ಅವರ ಮನಸ್ಸಿನಲ್ಲಿ ಇನ್ನೂ ಹಾಗೇ ಕೂತಿದೆ. ಅಂದು ನಿನ್ನ ಅಮ್ಮ ಊಟ ಬಡಿಸಲಿಲ್ಲ. ಪಾತ್ರೆಗಳನ್ನು ನಮ್ಮ ಮುಂದಿಟ್ಟು ಒಳಗೆ ಹೋದಳು.

ನಮ್ಮ ಲಾಂಛನ ನಿನಗೆ ಗೊತ್ತೇ ಇದೆ, ರೆಕ್ಕೆಯಡಿ ಮರಿ ಇಟ್ಟುಕೊಂಡ ಹೇಂಟೆ. ಬೇರೆಯವರಿಗೆ ಸಿಂಹ, ಹದ್ದು, ನಮಗೆ ಕೋಳಿ. ಶಾಲೆಯಲ್ಲಿ ನಾನು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕೊಕ್ಕೊಕ್ಕೋ ಕೇಳಿಸುತ್ತಿತ್ತು. ಹೋದ ತಿಂಗಳು ಹಿತ್ತಲ ಬಾಗಿಲ ಮೇಲಿನ ಗಾರೆ ಉದುರಿ ಕೆತ್ತನೆಯ ಕಲ್ಲೊಂದು ಕಂಡಿತು. ಅದೇ ಹೇಂಟೆ. ಆದರೆ ಮರಿಗೆ ಚಪ್ಪಟೆ ಕೊಕ್ಕು, ಬೆರಳುಗಳ ನಡುವೆ ತೊಗಲು. ಬಾತುಮರಿ.

ತಾತನನ್ನು ಕೇಳಿದೆ. ಮುಂಬಾಗಿಲಲ್ಲೂ ಬೆಳ್ಳಿ ತಟ್ಟೆಯಲ್ಲೂ ಮೊದಲು ಹಾಗೇ ಇತ್ತಂತೆ. ಕೆತ್ತಿದವನು ತಪ್ಪಿದ್ದಾನೆಂದು ಅವರ ಅಪ್ಪ ಎಲ್ಲವನ್ನೂ ಉಜ್ಜಿಸಿ ಕೋಳಿಮರಿ ಮಾಡಿಸಿದರಂತೆ. ಕಲ್ಲನ್ನು ತಿದ್ದಲಾಗದೆ ಗಾರೆ ಬಳಿಸಿದ್ದರು.

ಸಂಗ್ರಹಾಲಯದ ಲಾಂಛನತಜ್ಞೆ ಮನೆಗೇ ಬಂದು ಕಲ್ಲು ನೋಡಿದರು. ಬಾತಿನ ಮೊಟ್ಟೆಗೆ ಕೋಳಿಯನ್ನು ಕಾವು ಕೂರಿಸುತ್ತಾರಲ್ಲ, ಇದು ಅದೇ. ಸಾಕುಮಗುವಿನಿಂದ ಮುಂದುವರಿದ ಮನೆತನಕ್ಕೆ ಇಲ್ಲಿಯ ಆಸ್ಥಾನ ಕೊಡುತ್ತಿದ್ದ ಗುರುತು ಎಂದರು. ಒಬ್ಬರ ಮಾತು ನಂಬಿ ಸುದ್ದಿ ಹಾಕಿದವನಲ್ಲ ನಾನು. ಆಸ್ಥಾನದ ದಾಖಲೆಗಳನ್ನೂ ತೆಗೆಸಿ ನೋಡಿದೆ. ಮೊದಲ ಕೋಟೆರಕ್ಷಕನಿಗೆ ಮಕ್ಕಳಿರಲಿಲ್ಲ. ಕೋಟೆಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸನ್ನು ಸಾಕಿದ, ಬಿರುದು ಅದಕ್ಕೇ ಹೋಯಿತು. ನಾವೆಲ್ಲ ಆ ಕೂಸಿನ ಸಂತಾನ.

ತಾತನಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹಿತ್ತಲಿಗೆ ಹೋಗಿ ಕಲ್ಲು ಮುಟ್ಟಿ ಬಂದರು.

“ಹಾಗಾದ್ರೆ ನಾನೂ ಬಾತುಮರೀನೇ ಅನ್ನು.”

“ಮತ್ತಿನ್ನೇನು ಮಾವ, ಕೊಕ್ಕು ಉಜ್ಜಿಸ್ಕೊಂಡು ಓಡಾಡ್ತಿದ್ರಿ ಅಷ್ಟೆ,” ಎಂದಳು ನಿನ್ನ ಅಮ್ಮ.

ತಾತ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಬರಿಯೋ, ಮೊಮ್ಮಗಳ ಹೆಸರು ಬರಿ. ನಿನ್ನ ಹೆಸರಿಗಿಂತ ಸ್ವಲ್ಪ ದಪ್ಪಗೇ ಬರಿ,” ಎಂದರು.

ಬರೆದು ಕೊಟ್ಟಿದ್ದೇನೆ. ಪ್ರದರ್ಶನ ಮುಂದಿನ ತಿಂಗಳು, ರಜೆ ಹಾಕಿ ಬಾ. ಮುಂಬಾಗಿಲ ಮರಿಗೆ ಹಳೆಯ ಕೊಕ್ಕು ಕೂರಿಸಲು ತಾತ ಬಡಗಿಯನ್ನು ಕರೆಸಿದ್ದಾರೆ. ಉಜ್ಜಿ ಉಜ್ಜಿ ಮರವೇ ಉಳಿದಿಲ್ಲ, ಎಲ್ಲಿಂದ ತರಲಿ ಕೊಕ್ಕು ಎಂದು ಅವನು ಗೊಣಗುತ್ತಿದ್ದಾನೆ.

ಮೈ ಗಟ್ಟಿಯಾಗಿರಲಿ, ಮನಸ್ಸು ನಗುತ್ತಿರಲಿ. ನಮ್ಮಿಬ್ಬರ ಆಶೀರ್ವಾದ ನಿನ್ನ ಜೊತೆಗಿದೆ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆ ಗಾರೆ ಉದುರದೆ ಇದ್ದಿದ್ದರೆ? ನಿನ್ನನ್ನು ಹೆಗಲ ಮೇಲೆ ಹೊತ್ತು ಬೀದಿಯೆಲ್ಲ ತಿರುಗಿದ ಮನುಷ್ಯನಿಗೆ ನೀನು ಮೊಮ್ಮಗಳು ಎನ್ನಲು ಕಲ್ಲಿನ ಸಾಕ್ಷಿ ಬೇಕಾಯಿತು. ನಿನ್ನ ಅಮ್ಮ ಅವರ ಮುಂದೆ ನಗುತ್ತಾಳೆ, ಒಳಗೆ ಬಂದು ಪಾತ್ರೆ ಕುಕ್ಕುತ್ತಾಳೆ. ನಿನಗೂ ನಿನ್ನ ಹೆಸರು ಆ ವಂಶವೃಕ್ಷದಲ್ಲಿ ಬೇಡವೆನಿಸಿದರೆ ಒಂದು ಸಾಲು ಬರಿ, ತೆಗೆಸುತ್ತೇನೆ. ತಾತನಿಗೆ ನಾನೇ ಹೇಳುತ್ತೇನೆ.